ಊರಮನೆಯ ಹಳೇ ಸಾಮಾನು ಬೆಂಗಳೂರಿನ ಫ್ಲ್ಯಾಟಿಗೆ: ಏನು ತರೋದು, ಏನು ಬಿಡೋದು?

ಆಗುಂಬೆ ಮಳೆ
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜನ ಮನೆ ಪಾಲಾಯಿತು. ಮನೆ ದೊಡ್ಡಪ್ಪನ ಮಕ್ಕಳಿಗೆ ಬಂದಿದೆ. ಅವರು ಕೆಡವಿ ಆರ್‌ಸಿಸಿ ಕಟ್ಟಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಮಳೆಗಾಲದಲ್ಲಿ ಸೋರುವ ಮನೆಯ ಕಷ್ಟ ಅಲ್ಲಿ ಇರುವವರಿಗೇ ಗೊತ್ತು. "ಬೇಕಾದ್ದು ತಗೊಂಡು ಹೋಗು, ಉಳಿದದ್ದು ಗುಜರಿಗೆ" ಅಂದಿದ್ದಾರೆ. ಮಳೆ ಹಿಡಿಯುವ ಮುಂಚೆ ತೀರ್ಮಾನ ಆಗಬೇಕು.

ನಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು, ಆರನೇ ಮಹಡಿ. ಓಡಾಡುವ ಮಗು ಇದೆ. "ಮನೆ ಮ್ಯೂಸಿಯಂ ಆಗಬಾರದು" ಅನ್ನೋದು ಗಂಡನ ಷರತ್ತು. ನ್ಯಾಯವಾದ ಮಾತೇ.

ಅಲ್ಲಿರುವುದು: ಹಿತ್ತಾಳೆ ಪಟ್ಟಿ ಹೊಡೆದ ಬೀಟೆ ಮರದ ದೊಡ್ಡ ಪೆಟ್ಟಿಗೆ, ಹಲಸಿನ ಮರದ ಪತ್ತಾಯ (ಭತ್ತ ತುಂಬಿಡುವ ದೊಡ್ಡ ಪೆಟ್ಟಿಗೆ), ಸರಪಳಿ ಸಮೇತ ತೂಗುಮಂಚ, ತಾಮ್ರದ ಹಂಡೆ, ಹಿತ್ತಾಳೆ ಕಂಚಿನ ಪಾತ್ರೆಗಳು, ಒರಳುಕಲ್ಲು, ಕೀ ಕೊಡುವ ಗೋಡೆ ಗಡಿಯಾರ, ದೇವರ ಕೋಣೆಯ ರವಿವರ್ಮನ ಲಕ್ಷ್ಮಿ, ಸರಸ್ವತಿ ಪಟ, ಜಗಲಿ ಗೋಡೆಯ ಮೇಲೆ ಒಂದು ಜೊತೆ ಕಡವೆ ಕೊಂಬು. ಪೆಟ್ಟಿಗೆಯ ತಳದಲ್ಲಿ ಕೆಂಪು ಬಟ್ಟೆ ಸುತ್ತಿದ ಲೆಕ್ಕದ ಪುಸ್ತಕಗಳೂ, ಕಪ್ಪಗೆ ರಟ್ಟಿನ ಹಾಗೆ ಮಡಿಚಿಟ್ಟ ಏನೋ ಒಂದೂ ಇವೆ. ಅದು ಕಸವೇ ಇರಬೇಕು, ಬಿಡಿ.

ಏನು ತರಲಿ? ತಂದದ್ದನ್ನು ಹೇಗೆ ಬಾಳಿಸಲಿ?

ಬೀಟೆಗಾರ, ಮೈಸೂರು
ಪೆಟ್ಟಿಗೆಯನ್ನು ಕಣ್ಣು ಮುಚ್ಚಿ ತನ್ನಿ. ಸೋಫಾ ಮುಂದಿಟ್ಟರೆ ಟೀಪಾಯಿ, ಒಳಗೆ ರಜಾಯಿ, ದಿಂಬು, ಚಾಪೆ. ಫ್ಲ್ಯಾಟಿನಲ್ಲಿ ಜಾಗ ತಿನ್ನದೆ ಜಾಗ ಕೊಡುವ ಹಳೇ ಸಾಮಾನು ಇದೊಂದೇ.

ಮಗು ಇದೆ ಅಂದಿರಲ್ಲ, ಅದಕ್ಕೆ ಎರಡು ಕೆಲಸ ಕಡ್ಡಾಯ. ಮುಚ್ಚಳ ದಡಾರನೆ ಬೀಳದಂತೆ ತಡೆಯುವ ಸ್ಟೇ ಹಾಕಿಸಿ. ಮುಚ್ಚಿದ ಕೂಡಲೇ ತಾನಾಗಿ ಕಚ್ಚಿಕೊಳ್ಳುವ ಚಿಲಕ ಇದ್ದರೆ ಬಿಚ್ಚಿಸಿ ಎತ್ತಿಡಿ. ಮಕ್ಕಳು ಕಣ್ಣಾಮುಚ್ಚಾಲೆ ಆಡುತ್ತಾ ಒಳಗೆ ಸೇರಿಕೊಂಡರೆ ಉಸಿರು ಕಟ್ಟುತ್ತದೆ.

ತರುವ ಮುಂಚೆ ಹುಳ ನೋಡಿ. ಪೆಟ್ಟಿಗೆ, ಪತ್ತಾಯದ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಡಿ. ಅದರ ಮೇಲೆ ನುಣ್ಣನೆಯ ಪುಡಿ ಬಿದ್ದಿದ್ದರೆ ಒಳಗೆ ಕುಟ್ಟೆ ಹುಳ ಇನ್ನೂ ಬದುಕಿದೆ ಅಂತ ಅರ್ಥ. ಬರೀ ಹಳೇ ತೂತಿದ್ದು ಪುಡಿ ಇಲ್ಲದಿದ್ದರೆ ಹೆದರಬೇಡಿ. ಬೀಟೆ, ತೇಗದ ಚೇಗನ್ನು (ನಡುವಿನ ಗಟ್ಟಿ ಮರವನ್ನು) ಹುಳ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಂಚಿನಲ್ಲಿರುವ ಬೆಳ್ಳಗಿನ ಎಳೆಮರವನ್ನು ತಿನ್ನುತ್ತದೆ. ಸೀಮೆಎಣ್ಣೆ ಸವರಿದರೆ ಸರಿ ಹೋಗುತ್ತೆ ಅಂತ ಊರಲ್ಲಿ ಹೇಳುತ್ತಾರೆ. ಅದು ನಾಲ್ಕು ದಿನದ ಮಾತು. ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ದ್ರಾವಣವನ್ನು ಪಾಲಿಶ್ ಇಲ್ಲದ ಒಳಮೈಗೆ ಕುಡಿಸಬೇಕು. ಗೆದ್ದಲಿನ ಕಥೆ ಬೇರೆ, ಅದು ಬಹುಪಾಲು ಮಣ್ಣಿನಿಂದ ಬರುತ್ತದೆ. ಆರನೇ ಮಹಡಿಗೆ ಹತ್ತಿ ಬರೋದು ಕಡಿಮೆ.

ಇನ್ನು ಪಾಲಿಶ್. ಅಂಗಡಿಗೆ ಕೊಟ್ಟರೆ ಮೊದಲು ಮರಳು ಕಾಗದದಲ್ಲಿ ಉಜ್ಜಿ, ಮೇಲೆ ಪಿಯು (ಪಾಲಿಯುರೆಥೇನ್ ಲೇಪ) ಹೊಡೆದು, ಹೊಸ ಹೋಟೆಲ್ ರಿಸೆಪ್ಷನ್ ಮೇಜು ಮಾಡಿ ಕಳಿಸುತ್ತಾರೆ. ಬೇಡ. ಹತ್ತಿಯಲ್ಲಿ ಸ್ವಲ್ಪ ಸ್ಪಿರಿಟ್ ಅದ್ದಿ ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಅಂಟಂಟಾದರೆ ಅದು ಅರಗಿನ ಹಳೇ ಫ್ರೆಂಚ್ ಪಾಲಿಶ್. ಅದರ ಮೇಲೆ ಅರಗಿನ ಪಾಲಿಶೇ ತೆಳ್ಳಗೆ ಕೊಡಿಸಬಹುದು, ಹಳೆಯದನ್ನು ಕೆರೆಯಬೇಕಿಲ್ಲ. ಮೇಲೆ ಜೇನುಮೇಣ ಸಾಕು.

ಹಿತ್ತಾಳೆ ತಂಬಿಗೆ
ಪಾತ್ರೆಗಳ ಬಗ್ಗೆ ನಾನು ಹೇಳ್ತೀನಿ. ಮೊದಲು ಎಲ್ಲವನ್ನೂ ಬೆಳಕಿಗೆ ತಂದು ಕಂಠದ ಹತ್ತಿರ, ತಳದಲ್ಲಿ ನೋಡಿ. ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿರುತ್ತಾರೆ. ಮದುವೆಗೆ ಕೊಟ್ಟವರ ಹೆಸರು, ಊರು, ಕೆಲವೊಮ್ಮೆ ಇಸವಿ. ಅಂಥದ್ದು ಮೊದಲ ಸಾಲಿಗೆ. ಗುಜರಿಯವನಿಗೆ ಅದು ಕೆಜಿ ಲೆಕ್ಕ. ನಿಮಗೆ ಅದು ಯಾವ ಅಜ್ಜಿಯ ತವರಿನಿಂದ ಬಂತು ಅನ್ನುವ ದಾಖಲೆ. ಊರಲ್ಲಿ ಹಿರಿಯರು ಇರುವಾಗಲೇ ಕೇಳಿ, ಫೋಟೊ ತೆಗೆದು ಬರೆದಿಡಿ.

ಸೇರು, ಪಾವು, ಚಟಾಕು ಅಳತೆಗಳು ಇದ್ದರೆ ಬಿಡಬೇಡಿ. ಮೆಟ್ರಿಕ್ ಪದ್ಧತಿಯ ಕಾನೂನು 1956ರದು. ಅದಕ್ಕಿಂತ ಹಿಂದಿನ ಅಳತೆಗಳ ಮೇಲೆ ತಪಾಸಣೆಯವರು ಹೊಡೆದ ಮುದ್ರೆ ಕಾಣಬಹುದು. ಅಡುಗೆಮನೆ ಕಿಟಕಿಯಲ್ಲಿ ಸಾಲಾಗಿ ಇಟ್ಟರೆ ಅಷ್ಟು ಚೆಂದದ ಅಲಂಕಾರ ಇನ್ನೊಂದಿಲ್ಲ, ಜಾಗವೂ ಬೇಡ. ನಮ್ಮಲ್ಲಿ ಅಕ್ಕಿ ಡಬ್ಬದೊಳಗೆ ಈಗಲೂ ಪಾವೇ ಇದೆ.

ಹಿತ್ತಾಳೆಯಲ್ಲಿ ಅಡುಗೆ ಮಾಡುವ ಆಸೆ ಇದ್ದರೆ ಕಲಾಯಿ (ಒಳಗೆ ತವರದ ಲೇಪ) ಇಲ್ಲದೆ ಮಾಡಬೇಡಿ. ಹುಳಿ ಬಿದ್ದರೆ ತಾಮ್ರ ಅಡುಗೆಗೆ ಇಳಿಯುತ್ತದೆ, ಕಿಲುಬು ಹಿಡಿಯುತ್ತದೆ. ಕಲಾಯಿಯವರು ಪಾತ್ರೆ ಕಾಯಿಸಿ, ನವಸಾಗರ ಎರಚಿದಾಗ ಬೆಳ್ಳನೆ ಹೊಗೆ ಏಳುತ್ತದೆ. ತವರದ ಕಡ್ಡಿ ಮುಟ್ಟಿಸಿ ಹತ್ತಿಯಲ್ಲಿ ಒಂದು ಸುತ್ತು ಎಳೆದರೆ ಒಳಗೆಲ್ಲ ಬೆಳ್ಳಿ ಬಣ್ಣ. ಸೀಸ ಬೆರೆಸದ ಶುದ್ಧ ತವರ ಅಂತ ಒತ್ತಿ ಹೇಳಿ. ತವರ 232 ಡಿಗ್ರಿಗೆ ಕರಗುತ್ತದೆ. ಹಾಗಾಗಿ ಖಾಲಿ ಪಾತ್ರೆ ಒಲೆ ಮೇಲಿಟ್ಟು ಮರೆಯಬಾರದು, ಒಗ್ಗರಣೆಗೂ ಬಳಸಬಾರದು.

ಬೆಳಗಲು ಹುಣಸೆಹಣ್ಣು, ಉಪ್ಪು. ಪೌಡರು, ದ್ರವ ಯಾವುದೂ ಬೇಡ.

ಗುಜರಿ ಗಿರಾಕಿ
@ಹಿತ್ತಾಳೆ ತಂಬಿಗೆ, ಹುಣಸೆಹಣ್ಣಿನ ಮಾತಿಗೆ ನನ್ನ ಅರ್ಧ ಒಪ್ಪಿಗೆ. ದಿನಾ ಬಳಸುವ ಬಿಂದಿಗೆಗೆ ಸರಿ. ಹಳೇ ದೀಪ, ವಿಗ್ರಹಕ್ಕೆ ಬೇಡವೇ ಬೇಡ. ಹುಳಿ ಹಾಕಿ ಹೊತ್ತು ಬಿಟ್ಟರೆ ಹಿತ್ತಾಳೆ ಕೆಂಪಗೆ ತಿರುಗುತ್ತದೆ, ನೋಡಿದ್ದೀರಲ್ವಾ? ಹುಳಿ ಸತುವನ್ನು ಕರಗಿಸುತ್ತದೆ, ಮೇಲೆ ತಾಮ್ರ ಉಳಿಯುತ್ತದೆ. ಪ್ರತಿ ಹಬ್ಬಕ್ಕೂ ಹೀಗೆ ತಿಕ್ಕಿ ತಿಕ್ಕಿ ಮೂಗು ಕಣ್ಣು ಸವೆದ ದೇವರುಗಳು ಎಷ್ಟು ಮನೆಯಲ್ಲಿಲ್ಲ! ಕಂಚಿನ ಮೇಲಿನ ಕಂದು ಬಣ್ಣ ಕೊಳೆ ಅಲ್ಲ, ಕವಚ. ಒಣ ಬಟ್ಟೆ ಸಾಕು. ತಿಳಿ ಹಸಿರು ಪುಡಿ ಅಲ್ಲಲ್ಲಿ ಏಳುತ್ತಿದ್ದರೆ ಮಾತ್ರ ಅದು ರೋಗ. ತೇವ ಇಲ್ಲದ ಕಡೆ ಇಟ್ಟು, ಬಲ್ಲವರಿಗೆ ತೋರಿಸಿ.

ಈಗ ಮುಖ್ಯ ವಿಷಯ, ಇದನ್ನು ಯಾರೂ ಹೇಳಲಿಲ್ಲ. ಕಡವೆ ಕೊಂಬು ಕಾರಿನಲ್ಲಿ ಹಾಕಿಕೊಂಡು ಚೆಕ್‌ಪೋಸ್ಟ್ ದಾಟಬೇಡಿ! 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಂಥದ್ದಕ್ಕೆ ಮಾಲೀಕತ್ವದ ಪ್ರಮಾಣಪತ್ರ ಬೇಕು. ಕೊಳ್ಳುವ ಹಾಗಿಲ್ಲ, ಮಾರುವ ಹಾಗಿಲ್ಲ. ಹಿರಿಯರಿಂದ ಬಂದದ್ದಾದರೆ ಬಂದ 90 ದಿನದೊಳಗೆ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಘೋಷಣೆ ಕೊಡಬೇಕು. ಅಜ್ಜನ ಹೆಸರಿನ ಪ್ರಮಾಣಪತ್ರ ಕಾಗದಗಳಲ್ಲಿ ಇದೆಯಾ ಮೊದಲು ಹುಡುಕಿ. ಇಲ್ಲದಿದ್ದರೆ ವಕೀಲರನ್ನು ಕೇಳಿ ಅರಣ್ಯ ಇಲಾಖೆಗೆ ಒಪ್ಪಿಸುವುದು ಒಳ್ಳೆಯದು. 2023ರಲ್ಲಿ ಹುಲಿ ಉಗುರಿನ ಪೆಂಡೆಂಟ್ ಹಾಕಿಕೊಂಡವರ ಮೇಲೆ ಕೇಸು ಬಿದ್ದ ಗಲಾಟೆ ನಮ್ಮ ರಾಜ್ಯದಲ್ಲಿ ಎಲ್ಲಿಂದ ಎಲ್ಲಿಗೆ ಹೋಯಿತು ನೆನಪಿದೆಯಲ್ಲ. "ನಮ್ಮ ತಾತನದ್ದು" ಅನ್ನುವ ಉತ್ತರಕ್ಕೆ ಕಾಗದ ಬೇಕು. ಹಳೇ ಮೈಸೂರು ಇನ್‌ಲೇ (ಮರದಲ್ಲಿ ಕೊರೆದು ಕೂರಿಸುವ ಕುಸುರಿ) ಕೆಲಸದಲ್ಲಿ ದಂತ ಇದ್ದರೆ ಅದಕ್ಕೂ ಇದೇ ಮಾತು.

ಆಗುಂಬೆ ಮಳೆ
ಅಯ್ಯೋ, ಕೊಂಬಿನ ವಿಷಯ ನಮಗ್ಯಾರಿಗೂ ಹೊಳೆದೇ ಇರಲಿಲ್ಲ. ದೊಡ್ಡಪ್ಪನ ಮಗನಿಗೆ ಈಗಲೇ ಫೋನ್ ಮಾಡಿದೆ. ಅದು ಗೋಡೆಯಿಂದ ಇಳಿಯುವುದಿಲ್ಲ, ಕಾಗದ ಸಿಗುವ ತನಕ.

ಒರಳುಕಲ್ಲಿನಲ್ಲಿ ನೀರು ತುಂಬಿ ತಾವರೆ ಬಿಡೋಣ ಅಂತ ನನ್ನ ತಂಗಿ ಹೇಳುತ್ತಿದ್ದಾಳೆ. ಬಾಲ್ಕನಿ ಅಷ್ಟು ಭಾರ ತಡೆಯುತ್ತಾ?

ಕಡಲ ಮಗ್ಗುಲು, ಉಡುಪಿ
ಭಾರದ ಚಿಂತೆ ಬಿಡಿ. ನಾನು ಸಿವಿಲ್ ಎಂಜಿನಿಯರ್. ವಾಸದ ಮನೆಯ ನೆಲವನ್ನು ಒಂದು ಚದರ ಮೀಟರಿಗೆ ಸುಮಾರು 200 ಕೆಜಿ ತಡೆಯುವ ಲೆಕ್ಕದಲ್ಲಿ ವಿನ್ಯಾಸ ಮಾಡಿರುತ್ತಾರೆ, ಬಾಲ್ಕನಿಗೆ ಇನ್ನೂ ಜಾಸ್ತಿ. ಒಂದು ಒರಳುಕಲ್ಲು, ತುಂಬಿದ ಒಂದು ಹಂಡೆ ಏನೂ ಅಲ್ಲ. ಹಳೇ ಕಬ್ಬಿಣದ ತಿಜೋರಿ ಆಗಿದ್ದರೆ ಕೇಳಬೇಕಿತ್ತು.

ತೂಗುಮಂಚಕ್ಕೆ ಮಾತ್ರ ಹುಷಾರು. ಜೀಕುವಾಗ ಬೀಳುವ ಎಳೆತ ಸುಮ್ಮನೆ ಕೂತಾಗಿನ ಭಾರಕ್ಕಿಂತ ಹೆಚ್ಚು. ಫಾಲ್ಸ್ ಸೀಲಿಂಗಿಗೆ ಅಂತೂ ಇಲ್ಲ, ತೊಲೆಗೇ ಕೊಕ್ಕೆ ಹಾಕಬೇಕು. ಇತ್ತೀಚಿನ ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಪೋಸ್ಟ್ ಟೆನ್ಷನ್ ಸ್ಲ್ಯಾಬ್ ಇರುತ್ತದೆ, ಒಳಗೆ ಬಿಗಿದ ಉಕ್ಕಿನ ತಂತಿ. ಡ್ರಿಲ್ ತಗುಲಿದರೆ ದೊಡ್ಡ ಅನಾಹುತ. ಬಿಲ್ಡರ್ ಹತ್ತಿರ ನಕ್ಷೆ ಕೇಳದೆ ಚಾವಣಿಗೆ ತೂತು ಹೊಡೆಸಬೇಡಿ. ನಕ್ಷೆ ಸಿಗದಿದ್ದರೆ ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ ಅದಕ್ಕೆ ಸರಪಳಿ ಸಿಕ್ಕಿಸಿ. ಮಗುವಿನ ಬೆರಳು ಸರಪಳಿ ಕೊಂಡಿಯೊಳಗೆ ಹೋಗದಂತೆ ಕೆಳಗಿನ ಎರಡು ಅಡಿಗೆ ಬಟ್ಟೆ ತೊಡಿಸಿ.

ಇನ್ನು ಒರಳುಕಲ್ಲಿನಲ್ಲಿ ತಾವರೆ. ನನಗೆ ಇದು ಸರಿ ಬರುವುದಿಲ್ಲ. ಎಲ್ಲ ರೆಸಾರ್ಟಿನ ಬಾಗಿಲಲ್ಲೂ ಅದೇ ಒರಳು, ಅದೇ ಹೂವು, ಅದೇ ಉರುಳಿ. ರುಬ್ಬುಗುಂಡು ಎಲ್ಲಿ ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಗುಂಡಿಲ್ಲದ ಒರಳು ಬರೀ ತೂತು ಬಿದ್ದ ಕಲ್ಲು.

ಬಿಸಿಲೂರು
ಸ್ವಾಮಿ, ಆರನೇ ಮಹಡಿಯಲ್ಲಿ ಕೂತು ಯಾರು ದೋಸೆಗೆ ರುಬ್ಬುತ್ತಾರೆ? ತಾವರೆ ಬಿಟ್ಟರೆ ಕಲ್ಲಾದರೂ ಉಳಿಯುತ್ತೆ. ಇಲ್ಲಾಂದ್ರೆ ಅದು ಹೊಸ ಮನೆಯ ಪಾಯಕ್ಕೆ ಹೋಗುತ್ತೆ. ನಮ್ಮ ಕಲಬುರಗಿ ಕಡೆ ಬೀಸುಕಲ್ಲುಗಳ ಗತಿ ಅದೇ ಆಗಿದೆ. ಒಂದು ಜೊತೆಯನ್ನು ನಾನು ಟಿವಿ ಪಕ್ಕ ಇಟ್ಟಿದ್ದೀನಿ, ಮೇಲೆ ಗಿಡದ ಕುಂಡ. ಅವಮಾನ ಅಂತ ನನಗೆ ಅನ್ನಿಸಿಲ್ಲ.

ಕಡಲ ಮಗ್ಗುಲು, ಉಡುಪಿ
ಗಿಡದ ಕುಂಡಕ್ಕೆ ನನ್ನ ವಿರೋಧ ಇಲ್ಲ ಮಾರಾಯ್ರೆ. ನೀವು ಜೊತೆಯನ್ನು ಒಡೆಯದೆ ಇಟ್ಟಿದ್ದೀರಿ, ಅದು ದೊಡ್ಡದು. ನನ್ನ ಸಿಟ್ಟು ಬಿಡಿಬಿಡಿಯಾಗಿ ಕೀಳುವವರ ಮೇಲೆ. ಬಾಗಿಲ ದಾರಂದ ಕಿತ್ತು ಕನ್ನಡಿಗೆ ಚೌಕಟ್ಟು, ಕಂಬ ಕೊಯ್ದು ದೀಪದ ಸ್ಟ್ಯಾಂಡು. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಒಮ್ಮೆ ನೋಡಿ ಬನ್ನಿ. ವಿಜಯನಾಥ ಶೆಣೈಯವರು ಕೆಡವಲು ಹೊರಟ ಮನೆಗಳನ್ನು ಬಿಚ್ಚಿ ತಂದು ಇಡಿಯಾಗಿ ಮತ್ತೆ ಜೋಡಿಸಿದರು. ಕುಂಜೂರು ಚೌಕಿ ಮನೆ, ಕುಕನೂರಿನ ಕಮಲ ಮಹಲ್ ಎಲ್ಲ ಅಲ್ಲಿ ನಿಂತಿವೆ. ಅಲ್ಲಿ ಒಂದು ಕಂಬ ನೋಡಿದರೆ ಅದು ಏನನ್ನು ಹೊತ್ತಿತ್ತು ಅಂತಲೂ ಕಾಣುತ್ತದೆ.

ಅಂದ ಹಾಗೆ @ಆಗುಂಬೆ ಮಳೆ, ಹೆಂಚು ಇಳಿಸುವಾಗ ಒಂದನ್ನು ತಿರುಗಿಸಿ ನೋಡಿ. ಬಾಸೆಲ್ ಮಿಷನ್ (ಕ್ರೈಸ್ತ ಮಿಷನರಿ ಸಂಸ್ಥೆ) ಮುದ್ರೆ ಇದ್ದರೆ ನಾಲ್ಕು ಹೆಂಚು ಎತ್ತಿಡಿ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರುವಾದ ಹೆಂಚಿನ ಕಾರ್ಖಾನೆ ಅವರದು. ಬಿಸಿ ಪಾತ್ರೆ ಇಡಲು ಊಟದ ಮೇಜಿನ ಮೇಲೆ ಚೆನ್ನಾಗಿರುತ್ತೆ. ಅದಕ್ಕೆ ಯಾವ ಬಡಗಿಯೂ ಬೇಡ.

ಓಲೆಗರಿ
ನೀವೆಲ್ಲ ಒರಳುಕಲ್ಲು ಹಿಡಿದು ಕೂತಿದ್ದೀರಿ. "ಕಪ್ಪಗೆ ರಟ್ಟಿನ ಹಾಗೆ ಮಡಿಚಿಟ್ಟ ಏನೋ ಒಂದು" ಅಂದದ್ದನ್ನು ಯಾರೂ ಗಮನಿಸಲಿಲ್ಲವಾ? @ಆಗುಂಬೆ ಮಳೆ, ಅದು ಬೀಸಣಿಗೆಯ ಹಾಗೆ ಹಿಂದೆ ಮುಂದೆ ಮಡಿಕೆ ಆಗಿದೆಯಾ? ಬಿಚ್ಚಿದರೆ ಉದ್ದಕ್ಕೆ ಬರುತ್ತಾ? ಬೆಳ್ಳಗಿನ ಅಕ್ಷರ ಏನಾದರೂ ಕಾಣುತ್ತಾ? ದಯವಿಟ್ಟು ಅದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಒಣ ಬಟ್ಟೆಯಲ್ಲೂ ಬೇಡ.

ಆಗುಂಬೆ ಮಳೆ
ಹೌದು, ಮಡಿಕೆ ಮಡಿಕೆ ಇದೆ. ದೊಡ್ಡಪ್ಪನ ಮಗ ಈಗ ಫೋಟೊ ಕಳಿಸಿದ. ಮಾಸಿದ ಬಿಳಿ ಗೆರೆಗಳು, ಅಕ್ಷರದ ಹಾಗಿವೆ. ಒಂದು ಕಡೆ ಅಡಿಕೆ ಲೆಕ್ಕ ಅಂತ ಅವನು ಹೇಳುತ್ತಾನೆ, ಇನ್ನೊಂದು ಕಡೆ ಮೋಡಿ (ಕೂಡಿಸಿ ಬರೆಯುವ ಹಳೇ ಲಿಪಿ) ಅಕ್ಷರ ಇರಬಹುದಂತೆ.

ಓಲೆಗರಿ
ಕಡತ ಅದು! ನಿಮ್ಮ ಇಡೀ ಪಟ್ಟಿಯಲ್ಲಿ ಮೊದಲು ತರಬೇಕಾದದ್ದು ಇದೇ. ಹತ್ತಿ ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ, ಕಪ್ಪು ಹಲಗೆಯ ಹಾಗೆ ಮಾಡಿ, ಬಳಪದಲ್ಲಿ ಬರೆಯುತ್ತಿದ್ದರು. ಮಲೆನಾಡಿನ ಮಠ, ಮನೆತನಗಳ ಲೆಕ್ಕಪತ್ರ ಹೀಗೇ ಇರುತ್ತಿತ್ತು. ಅಳಿಸಿ ಮತ್ತೆ ಬರೆಯಲಿ ಅಂತಲೇ ಮಾಡಿದ್ದು. ಅದಕ್ಕೇ ಒರೆಸಬೇಡಿ ಅಂದದ್ದು. ಒಂದು ಸಲ ಕೈಯಾಡಿಸಿದರೆ ಆ ಕಾಲದ ಅಡಿಕೆ ರೇಟು, ಕೂಲಿ, ಸಾಲ ಎಲ್ಲ ಹೋಯಿತು.

ಮಡಿಕೆಗಳನ್ನು ಬಲವಂತವಾಗಿ ಬಿಡಿಸಬೇಡಿ. ಬಿಡಿಸಬಂದ ಪುಟಗಳನ್ನು ಓರೆ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಪಕ್ಕದಿಂದ ಬೆಳಕು ಬಿದ್ದರೆ ಮಾಸಿದ ಬಳಪವೂ ಎದ್ದು ಕಾಣುತ್ತದೆ. ಅದೇ ಕೆಂಪು ಬಟ್ಟೆ ಒಗೆದದ್ದಾದರೆ ಅದರಲ್ಲೇ ಸುತ್ತಿ, ಚಪ್ಪಟೆಯಾಗಿ, ಒಣ ಕಪಾಟಿನಲ್ಲಿಡಿ. ನುಸಿಗುಳಿಗೆ ತಾಗಿಸಬೇಡಿ. ಚೌಕಟ್ಟು ಹಾಕಿ ಹಾಲಿನ ಗೋಡೆಗೆ ತೂಗುಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ. ಗಾಜಿಗೆ ಅಂಟಿದರೆ ಅಕ್ಷರ ಗಾಜಿನ ಪಾಲು.

ಓದಿಸಬೇಕು ಅಂದರೆ ಮೈಸೂರಿನ ಓರಿಯಂಟಲ್ ರಿಸರ್ಚ್ ಇನ್‌ಸ್ಟಿಟ್ಯೂಟಿನಲ್ಲಿ ಕೇಳಿ. 1891ರಲ್ಲಿ ಶುರುವಾದದ್ದು. ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದ್ದು ಅಲ್ಲಿಗೆ ಬಂದ ಓಲೆಗರಿ ಕಟ್ಟಿನಲ್ಲಿ. ಯಾರದೋ ಮನೆಯ ಕಟ್ಟು ಅದು, ನೋಡಿ.

ಬೀಟೆಗಾರ, ಮೈಸೂರು
ಸೈ! ಪೆಟ್ಟಿಗೆಗಿಂತ ಪೆಟ್ಟಿಗೆ ತಳ ದೊಡ್ಡದಾಯಿತು. ಕಡತವನ್ನು ಮಾತ್ರ ವಾಪಸ್ ಅದೇ ಪೆಟ್ಟಿಗೆಗೆ ಹಾಕಬೇಡಿ, ಹುಳದ ಔಷಧಿ ಹೊಡೆದ ಮೇಲಂತೂ ಬೇಡ.

ಕಡಲಾಚೆ ಕನ್ನಡಿಗ, ನ್ಯೂಜೆರ್ಸಿ
ಇದೇ ನೆಪದಲ್ಲಿ ನನ್ನ ಪ್ರಶ್ನೆ. ನಮ್ಮಮ್ಮನ ಮನೆಯ ಕಂಚಿನ ದೀಪದ ಜೋಡಿ ಇಲ್ಲಿಗೆ ತರಬೇಕು ಅಂತಿದೆ. ಸೂಟ್‌ಕೇಸಿನಲ್ಲಿ ತಂದರೆ ಏನಾದರೂ ತೊಂದರೆಯಾ?

ಗುಜರಿ ಗಿರಾಕಿ
ಆಗಬಹುದು. 1972ರ ಪ್ರಾಚ್ಯವಸ್ತು ಕಾಯ್ದೆ 1976ರಿಂದ ಜಾರಿಯಲ್ಲಿದೆ. 100 ವರ್ಷ ದಾಟಿದ ಕಲಾಕೃತಿ, ಕುಸುರಿ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವ ಹಾಗಿಲ್ಲ. ಹಸ್ತಪ್ರತಿಗಳಿಗೆ 75 ವರ್ಷ. ನಿಮ್ಮ ದೀಪ ಅಷ್ಟು ಹಳೆಯದಲ್ಲ ಅಂತ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಮಾಡಿಸಿಕೊಂಡರೆ ನಿರಾಳ. ವಿಮಾನ ನಿಲ್ದಾಣದಲ್ಲಿ ವಾದ ಮಾಡಿ ಗೆಲ್ಲಲಾಗದು. ಮನೆಯಲ್ಲಿ ಪಾತ್ರೆ, ಪೀಠೋಪಕರಣ ಇಟ್ಟುಕೊಳ್ಳಲು ಯಾವ ನೋಂದಣಿಯೂ ಬೇಡ. 100 ವರ್ಷ ದಾಟಿದ ವಿಗ್ರಹ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ ಇದ್ದರೆ ನೋಂದಣಿ ಮಾಡಿಸಬೇಕು.

ಬಿಸಿಲೂರು
ನಮ್ಮಂಥವರಿಗೆ ಪಾಲಿನಲ್ಲಿ ಬರುವುದೇನಿಲ್ಲ, ಕೊಳ್ಳಬೇಕು. ಬೆಂಗಳೂರಿನಲ್ಲಿ ಚಿಕ್ಕಪೇಟೆ ಹತ್ತಿರದ ಭಾನುವಾರದ ಸಂತೆ ಗೊತ್ತು. ನಕಲಿ ಗುರುತಿಸುವುದು ಹೇಗೆ?

ಗುಜರಿ ಗಿರಾಕಿ
ಸವೆತ ನೋಡಿ. ಕೈ ತಾಗುವ ಕಡೆ ಸವೆದಿರಬೇಕು, ತಾಗದ ಕಡೆ ಇರಬಾರದು. ಕುರ್ಚಿಯ ತೋಳು, ಡ್ರಾಯರಿನ ಕೆಳ ಅಂಚು, ಪೆಟ್ಟಿಗೆಯ ಮೂಲೆ. ಅಡಿಯೂ ಹಿಂಭಾಗವೂ ಮುಂಭಾಗದಷ್ಟೇ ಕಪ್ಪಾಗಿದ್ದರೆ ಅದು ಪೊಟ್ಯಾಸಿಯಂ ಪರ್ಮಾಂಗನೇಟ್ ಬಳಿದ ಹೊಸ ಮರ. ಕಾರೈಕುಡಿ, ಮಟ್ಟಾಂಚೇರಿ, ಮುಂಬೈಯ ಮಟನ್ ಸ್ಟ್ರೀಟ್, ಎಲ್ಲಿ ಹೋದರೂ ಮೊದಲು ಸಾಮಾನನ್ನು ಮಗುಚಿ ಹಾಕಿ ನೋಡಿ. ಅಂಗಡಿಯವನು ಬೇಡ ಅಂದರೆ ಹೊರಟು ಬನ್ನಿ. ಫಳಫಳ ಹಿತ್ತಾಳೆ ಕೊಳವೆಯ ಗ್ರಾಮಫೋನ್ ಬಹುಪಾಲು ಈಚಿನ ಜೋಡಣೆ. ರಾಮ, ಹನುಮಂತ ಇರುವ 1818ರ ಈಸ್ಟ್ ಇಂಡಿಯಾ ಕಂಪನಿ ನಾಣ್ಯ ಅಂತೂ ಶುದ್ಧ ಕಟ್ಟುಕಥೆ, ಕಂಪನಿ ಅಂಥ ನಾಣ್ಯ ಹೊಡೆಸಿಯೇ ಇಲ್ಲ. ಹಳೇ ತಾಮ್ರದ ಚೆಂಬು ಅಕ್ಕಿ ಎಳೆಯುತ್ತೆ, ಕೋಟಿ ಬೆಲೆ ಅಂತ ಯಾರಾದರೂ ಬಂದರೆ ಪೊಲೀಸರಿಗೆ ಫೋನ್ ಮಾಡಿ. ರೈಸ್ ಪುಲ್ಲಿಂಗ್ ಅಂತ ಆ ವಂಚನೆಗೆ ಹೆಸರೇ ಇದೆ.

ರವಿವರ್ಮನ ಪಟಕ್ಕೆ ಭೂತಗನ್ನಡಿ ಸಾಕು. ಅವನ ಮುದ್ರಣಾಲಯ ಮುಂಬೈಯಲ್ಲಿ 1894ರಲ್ಲಿ ಶುರುವಾಗಿ ಆಮೇಲೆ ಲೋನಾವಳ ಹತ್ತಿರದ ಮಳವಲಿಗೆ ಹೋಯಿತು. ಕಲ್ಲಚ್ಚಿನಲ್ಲಿ ಚುಕ್ಕಿಗಳು ಅಡ್ಡಾದಿಡ್ಡಿ ಇರುತ್ತವೆ. ಈಗಿನ ಆಫ್‌ಸೆಟ್‌ನಲ್ಲಿ ಸಾಲು ಹಿಡಿದು ನಿಂತಿರುತ್ತವೆ. @ಆಗುಂಬೆ ಮಳೆ, ಪಟದ ಹಿಂದಿನ ಮರದ ಹಲಗೆ ತೆಗೆಸಿ ಆಸಿಡ್ ಇಲ್ಲದ ರಟ್ಟು ಹಾಕಿಸಿ. ಹಲಗೆಯ ನೆರಳು ಕಂದು ಗೆರೆಯಾಗಿ ಲಕ್ಷ್ಮಿಯ ಮುಖಕ್ಕೇ ಬರುತ್ತದೆ. ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ.

ಹಿತ್ತಾಳೆ ತಂಬಿಗೆ
ಇನ್ನೊಂದು ಮಾತು, ಮಗು ಇರುವ ಮನೆ ಅಂತ. ಹಳೇ ಬಾಗಿಲು, ತೊಟ್ಟಿಲು, ಆಟಿಕೆಯ ಮೇಲಿನ ಸಿಪ್ಪೆ ಏಳುವ ಎನಾಮಲ್ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಬಣ್ಣದಲ್ಲಿ ಸೀಸಕ್ಕೆ ನಮ್ಮಲ್ಲಿ ಕಟ್ಟುನಿಟ್ಟಿನ ಮಿತಿ ಬಂದದ್ದೇ 2017ರ ನವೆಂಬರ್‌ನಿಂದ. ಮನೆಯೊಳಗೆ ಕೂತು ಉಜ್ಜಬೇಡಿ, ಧೂಳೇ ವಿಷ.

ಬೀಟೆಗಾರ, ಮೈಸೂರು
ಅದರ ಜೊತೆಗೆ: ಮರಕ್ಕೆ ಅಗಸೆ ಎಣ್ಣೆ ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಬಿಸಿಯೇಳುತ್ತದೆ, ತಾನಾಗಿಯೇ ಬೆಂಕಿ ಹತ್ತುತ್ತದೆ. ಬಿಡಿಸಿ ಹರವಿ ಒಣಗಿಸಿ, ಇಲ್ಲಾ ನೀರಿನಲ್ಲಿ ಅದ್ದಿಡಿ.

ಪತ್ತಾಯ ತರುವುದಾದರೆ ಚೌಕಟ್ಟಿನೊಳಗಿನ ಹಲಗೆ ಅಲ್ಲಾಡುತ್ತೆ ಅಂತ ಯಾರೂ ಅಂಟು ಹಾಕದಂತೆ ನೋಡಿಕೊಳ್ಳಿ. ಅಲ್ಲಾಡಲಿ ಅಂತಲೇ ಬಿಟ್ಟಿರುತ್ತಾರೆ. ಮಲೆನಾಡಿನ ತೇವದಲ್ಲಿ ಉಬ್ಬಿದ ಮರ ಬೆಂಗಳೂರಿನ ಮಾರ್ಚ್ ಬಿಸಿಲಿಗೆ ಕುಗ್ಗುತ್ತದೆ. ಬಿಗಿದಿದ್ದರೆ ಸೀಳುತ್ತದೆ. ಎಸಿ ಗಾಳಿ ನೇರ ಬೀಳುವ ಕಡೆಯೂ ಬೇಡ.

ಆಗುಂಬೆ ಮಳೆ
ಎಲ್ಲರಿಗೂ ಧನ್ಯವಾದ. ಮನೆಯಲ್ಲಿ ಮಾತಾಡಿದೆವು. ಕಡತ, ಪೆಟ್ಟಿಗೆ, ಹೆಸರಿರುವ ಪಾತ್ರೆಗಳು, ಅಳತೆಗಳು, ಪಟ, ಗಡಿಯಾರ ಬರುತ್ತವೆ. ಪತ್ತಾಯ ನಮ್ಮ ಲಿಫ್ಟಿಗೇ ಹಿಡಿಯಲ್ಲ, ಅದನ್ನು ಊರಲ್ಲೇ ಚಿಕ್ಕಪ್ಪ ಇಟ್ಟುಕೊಳ್ಳುತ್ತಾರೆ, ಅವರ ಮನೆಯಲ್ಲಿ ಈಗಲೂ ಭತ್ತ ತುಂಬುತ್ತಾರೆ. ತೂಗುಮಂಚಕ್ಕೆ ಬಿಲ್ಡರ್ ಉತ್ತರ ಕಾಯುತ್ತಿದ್ದೇನೆ. ಒರಳುಕಲ್ಲು ಗುಂಡಿನ ಸಮೇತ ತಂಗಿಯ ಮನೆ ಅಂಗಳಕ್ಕೆ, ತಾವರೆಯೋ ದೋಸೆಯೋ ಅವಳಿಗೆ ಬಿಟ್ಟದ್ದು. ಹಂಡೆ ಬಾಲ್ಕನಿಯಲ್ಲಿ, ಒಳಗೆ ಪ್ಲಾಸ್ಟಿಕ್ ಕುಂಡ ಇಟ್ಟು ಗಿಡ.

ಒಂದೇ ಒಂದು ಜಗಳ ಬಾಕಿ. ಗಡಿಯಾರ ರಾತ್ರಿ ಹನ್ನೆರಡಕ್ಕೆ ಹನ್ನೆರಡು ಸಲ ಹೊಡೆಯುತ್ತಂತೆ. ಗಂಡ ಬೇಡ ಅನ್ನುತ್ತಿದ್ದಾರೆ.

ಬೀಟೆಗಾರ, ಮೈಸೂರು
ಒಳಗೆ ಸುರುಳಿ ತಂತಿಗೆ ಬಡಿಯುವ ಪುಟ್ಟ ಸುತ್ತಿಗೆ ಇರುತ್ತದೆ. ಅದರ ತುದಿಗೆ ಮೆತ್ತನೆ ಚರ್ಮದ ಚೂರು ಕಟ್ಟಿ, ಸದ್ದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ತರುವಾಗ ಲೋಲಕ ಕಳಚಿ ಬೇರೆ ಸುತ್ತಿ ತನ್ನಿ. ಗೋಡೆಗೆ ಹಾಕಿದ ಮೇಲೆ ಟಿಕ್ಕಿಗೂ ಟಾಕಿಗೂ ನಡುವೆ ಒಂದೇ ಅಂತರ ಇದೆಯಾ ಕಿವಿಗೊಟ್ಟು ಕೇಳಿ. ಇಲ್ಲದಿದ್ದರೆ ಗಡಿಯಾರವನ್ನು ಕೂದಲೆಳೆಯಷ್ಟು ಎಡಕ್ಕೋ ಬಲಕ್ಕೋ ವಾಲಿಸಿ. ಮುಂದೆ ಓಡುತ್ತಿದ್ದರೆ ಲೋಲಕದ ಕೆಳಗಿನ ನಟ್ ತಿರುಗಿಸಿ ಬಿಲ್ಲೆಯನ್ನು ಸ್ವಲ್ಪ ಕೆಳಗಿಳಿಸಿ.

ಬಿಸಿಲೂರು
ಗಂಡನಿಗೆ ಹೇಳಿ, ಹನ್ನೆರಡು ಸಲ ಹೊಡೆಯೋದು ಮಧ್ಯಾಹ್ನವೂ ಉಂಟು, ಊಟಕ್ಕೆ ಕರೆಯುವ ಕೆಲಸ ತಪ್ಪುತ್ತೆ ಅಂತ.